ಗಾಣ ನಿಂತ ಊರಿನಲ್ಲಿ ದಾಸೋಹ: ಸ್ಥಳೀಯ ಅರ್ಥವ್ಯವಸ್ಥೆಯನ್ನು ಮರಳಿ ಕಟ್ಟುವ ಕುರಿತು



ಕಳೆದ ಜಾತ್ರಾ ಮಹೋತ್ಸವ ಮುಗಿದ ಮೇಲೆ ಶ್ರೀಮಠದ ಉಗ್ರಾಣದ ಲೆಕ್ಕ ನೋಡುವ ಕೆಲಸ ಎಂದಿನಂತೆ ನಮ್ಮ ಪಾಲಿಗೆ ಬಂದಿತು. ಜೋಳ, ಗೋಧಿ, ಬೆಲ್ಲ, ಕಡಲೆಬೇಳೆ ಬಹುಮಟ್ಟಿಗೆ ಸುತ್ತಲಿನ ಹಳ್ಳಿಗಳಿಂದಲೇ ಬಂದಿದ್ದವು. ರೊಟ್ಟಿಯನ್ನಂತೂ ತಾಯಂದಿರು ತಮ್ಮ ತಮ್ಮ ಮನೆಗಳಲ್ಲಿಯೇ ಬಡಿದು ಬುಟ್ಟಿ ತುಂಬಿ ಕಳಿಸಿದ್ದರು. ಆದರೆ ಖಾಲಿಯಾದ ಎಣ್ಣೆ ಡಬ್ಬಿಗಳನ್ನು ಎಣಿಸಿ ಒಂದೆಡೆ ಒಟ್ಟುವಾಗ ಅವುಗಳ ಮೇಲಿನ ಚೀಟಿಯನ್ನು ಓದಿದೆವು. ಹೆಚ್ಚಿನವು ತಾಳೆ ಎಣ್ಣೆಯವು, ಉಳಿದವು ಸೂರ್ಯಕಾಂತಿ ಎಣ್ಣೆಯವು. ಕುಸುಬಿಯ ಸೀಮೆಯೆಂದು ಹೆಸರಾದ ಈ ಎರೆನಾಡಿನ ಮಧ್ಯೆ ಇರುವ ಶ್ರೀಮಠದ ದಾಸೋಹಕ್ಕೆ ಒಂದು ಡಬ್ಬಿ ಕುಸುಬಿ ಎಣ್ಣೆಯೂ ಬಂದಿರಲಿಲ್ಲ.

ಆ ಡಬ್ಬಿಗಳಲ್ಲಿ ಒಂದನ್ನು ಗಾಣಿಗ ಮನೆತನದ ಹಿರಿಯರೊಬ್ಬರು ತಲೆಯ ಮೇಲೆ ಹೊತ್ತು ತಂದಿದ್ದರು. ಅದನ್ನು ಇಳಿಸುವಾಗ ಅವರು ಆಡಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಉಳಿದಿದೆ: "ನಮ್ಮ ಮನ್ಯಾಗ ಗಾಣ ಇದ್ದಾಗ ನಮ್ಮ ಎಣ್ಣಿನ ತಂದು ಕೊಡತಿದ್ವಿರಿ. ಈಗ ಅಂಗಡ್ಯಾಂದು ತಂದೀನಿ, ತಪ್ಪು ತಿಳಕೋಬ್ಯಾಡ್ರಿ." ತಪ್ಪು ತಿಳಿಯುವ ಮಾತೆಲ್ಲಿ ಬಂತು? ಆ ಹಿರಿಯರ ಗಾಣ ನಿಂತುಹೋದ ವರ್ಷಗಳಲ್ಲಿ ಅವರಿಂದ ಎಣ್ಣೆ ಕೊಳ್ಳುವುದನ್ನು ನಿಲ್ಲಿಸಿದವರಲ್ಲಿ ಶ್ರೀಮಠವೂ ಒಂದು. ಅಗ್ಗವೆಂಬ ಕಾರಣಕ್ಕೆ ನಾವೇ ಪೇಟೆಯ ಡಬ್ಬಿಗೆ ಒಪ್ಪಿದ್ದೆವು. ಆದ್ದರಿಂದ ಈ ಲೇಖನ ಪರರಿಗೆ ಹೇಳುವ ಬೋಧೆಯಲ್ಲ, ನಮ್ಮ ಲೆಕ್ಕದ ಪುಸ್ತಕವನ್ನು ನಾವೇ ತೆರೆದು ನೋಡುವ ಪ್ರಯತ್ನ.

ಎಣ್ಣೆ ಊರು ಬಿಟ್ಟ ಬಗೆ

ನಮ್ಮ ದೇಶದಲ್ಲಿ ಖಾದ್ಯತೈಲದ ಕೊರತೆಯನ್ನು ನೀಗಿಸಲು 1986ರಲ್ಲಿ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಆರಂಭವಾಯಿತು. ರೈತರಿಗೆ ಒಳ್ಳೆಯ ಬೀಜ, ಬೆಂಬಲ ಬೆಲೆ ಮತ್ತು ಆಮದಿನ ಮೇಲೆ ಹತೋಟಿ ಒಟ್ಟಿಗೆ ದೊರೆತ ಕಾರಣ ಕೆಲವೇ ವರ್ಷಗಳಲ್ಲಿ ದೇಶವು ಬಹುತೇಕ ಸ್ವಾವಲಂಬಿಯಾಯಿತು. ಅದನ್ನು ಹಳದಿ ಕ್ರಾಂತಿ ಎಂದು ಕರೆದರು. 1991ರಲ್ಲಿ ಆರ್ಥಿಕ ಉದಾರೀಕರಣ ಬಂದಿತು. 1994ರ ಬಳಿಕ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂದಾಗ ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಒಂದಾಗಿತ್ತು. ಇಂಡೊನೇಷ್ಯಾ, ಮಲೇಷ್ಯಾಗಳ ವಿಶಾಲ ತೋಟಗಳಲ್ಲಿ ಬೆಳೆದ ತಾಳೆಯ ಎಣ್ಣೆ ಹಡಗಿನಲ್ಲಿ ಬಂದು, ನಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ನಮ್ಮ ಊರಿನ ಕುಸುಬಿ ಎಣ್ಣೆಗಿಂತ ಕಡಿಮೆ ಬೆಲೆಗೆ ದೊರೆಯತೊಡಗಿತು. ಇಂದು ದೇಶಕ್ಕೆ ಬೇಕಾದ ಖಾದ್ಯತೈಲದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹೊರಗಿನಿಂದ ಬರುತ್ತಿದೆ.

ಗಾಣ ನಿಲ್ಲಲು ಇದೊಂದೇ ಕಾರಣವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ದೊಡ್ಡ ಕಾರ್ಖಾನೆಗಳು ರಾಸಾಯನಿಕ ದ್ರಾವಣದಿಂದ ಕಾಳಿನಲ್ಲಿರುವ ಎಣ್ಣೆಯನ್ನೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ತೆಗೆಯಬಲ್ಲವು, ಗಾಣಕ್ಕೆ ಅದು ಸಾಧ್ಯವಿಲ್ಲ. ಎತ್ತು ಸಾಕುವ ಖರ್ಚು ಏರಿತು. ಕುಸುಬಿಯ ಗಿಡ ಮುಳ್ಳಿನದು, ಅದರ ಒಕ್ಕಲಿಗೆ ಆಳು ಸಿಗುವುದು ದುಸ್ತರವಾಗಿ ರೈತರು ಕಡಲೆಯ ಕಡೆಗೆ ಹೊರಳಿದರು. ಗಾಣಿಗರ ಮಕ್ಕಳು ಓದಿ ಬೇರೆ ಉದ್ಯೋಗಗಳನ್ನು ಹಿಡಿದರು, ಅದು ಸಂತೋಷದ ಸಂಗತಿಯೇ ಸರಿ. ಹೀಗೆ ಒಳಗಿನ ಮತ್ತು ಹೊರಗಿನ ಕಾರಣಗಳು ಕೂಡಿ, ಒಂದು ತಲೆಮಾರಿನೊಳಗೆ ಗಾಣದ ಸದ್ದು ಅಡಗಿತು.

ದೂರದ ಎಣ್ಣೆಯನ್ನು ನೆಚ್ಚಿಕೊಂಡದ್ದರ ಫಲ 2022ರಲ್ಲಿ ಎಲ್ಲರ ಅಡುಗೆಮನೆಗೂ ತಿಳಿಯಿತು. ಆ ವರ್ಷದ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದೊಡನೆ ಸೂರ್ಯಕಾಂತಿ ಎಣ್ಣೆಯ ಸರಬರಾಜು ತಡೆಯಿತು. ಏಪ್ರಿಲ್ ತಿಂಗಳ ಕೊನೆಯಲ್ಲಿ ಇಂಡೊನೇಷ್ಯಾ ತನ್ನ ಜನರ ಹಿತಕ್ಕಾಗಿ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಎಲ್ಲಿಯೋ ನಡೆದ ಯುದ್ಧ ಮತ್ತು ಯಾರೋ ಕೈಗೊಂಡ ನಿರ್ಧಾರದಿಂದಾಗಿ ನಮ್ಮ ಹಳ್ಳಿಯ ತಾಯಿ ಒಗ್ಗರಣೆಗೆ ಹಾಕುವ ಎಣ್ಣೆಯನ್ನು ಚಮಚದಿಂದ ಅಳೆಯಬೇಕಾಯಿತು. ಆಕೆಯ ಹಿತ್ತಲಿನಾಚೆಯ ಎರೆಹೊಲ ಮಾತ್ರ ಎಂದಿನಂತೆಯೇ ಇತ್ತು.

ಗಾಣದ ಸುತ್ತ ಇದ್ದ ಬಾಳು

ಗಾಣ ಎಂದರೆ ಎಣ್ಣೆ ತೆಗೆಯುವ ಯಂತ್ರ ಮಾತ್ರ ಆಗಿರಲಿಲ್ಲ. ಹಿಂಗಾರಿನ ಜೋಳ, ಕಡಲೆಗಳ ನಡುವೆ ರೈತನು ಕುಸುಬಿಯ ಅಕ್ಕಡಿ ಸಾಲು ಹಾಕುತ್ತಿದ್ದನು. ಹೊಲದ ಅಂಚಿನ ಕುಸುಬಿಯ ಮುಳ್ಳು ದನಗಳನ್ನು ತಡೆಯುವ ಬೇಲಿಯೂ ಆಗುತ್ತಿತ್ತು. ಅದರ ಬೇರು ಆಳಕ್ಕೆ ಇಳಿದು ಮೇಲ್ಪದರದಲ್ಲಿ ಇಲ್ಲದ ತೇವವನ್ನು ಹೀರುವುದರಿಂದ ಮಳೆ ಕೈಕೊಟ್ಟ ವರ್ಷವೂ ಒಂದಿಷ್ಟು ಕಾಳು ಕೈಗೆ ಬರುತ್ತಿತ್ತು. ಕಾಳು ಗಾಣಕ್ಕೆ ಹೋಗಿ ಎಣ್ಣೆ ಮನೆಗೆ, ಹಿಂಡಿ ಕೊಟ್ಟಿಗೆಗೆ ಬರುತ್ತಿತ್ತು. ಹಿಂಡಿ ತಿಂದ ಎತ್ತು ಉಳುಮೆಗೂ ಗಾಣಕ್ಕೂ ಹೆಗಲು ಕೊಡುತ್ತಿತ್ತು, ಅದರ ಸಗಣಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಗಾಣದ ಮರಗೆಲಸ ಬಡಿಗನದು, ಹಗ್ಗ ಹೊಸೆಯುವವನದು, ಕುಳ ಕಮ್ಮಾರನದು. ಒಂದು ಗಾಣ ತಿರುಗಿದರೆ ಅದರೊಡನೆ ನಾಲ್ಕಾರು ಕಾಯಕಗಳು ನಡೆಯುತ್ತಿದ್ದವು.

ಈಗ ಡಬ್ಬಿ ಎಣ್ಣೆ ಕೊಂಡಾಗ ಎಣ್ಣೆ ಮಾತ್ರ ಊರಿಗೆ ಬರುತ್ತದೆ. ಹಿಂಡಿಯನ್ನು ಬೇರೆ ಚೀಲದಲ್ಲಿ, ಗೊಬ್ಬರವನ್ನು ಮತ್ತೊಂದು ಚೀಲದಲ್ಲಿ, ಬೇಲಿಯ ತಂತಿಯನ್ನು ಮತ್ತೊಂದು ಅಂಗಡಿಯಲ್ಲಿ ಕೊಳ್ಳಬೇಕಾಗುತ್ತದೆ. ಡಬ್ಬಿಯ ಬೆಲೆ ಅಗ್ಗವೆಂದು ಹೇಳುವಾಗ ಈ ಚೀಲಗಳ ಬೆಲೆಯನ್ನು ನಾವು ಕೂಡಿಸಿ ನೋಡುವುದಿಲ್ಲ.

ಹಣದ ಸುತ್ತು

ಭಕ್ತರಲ್ಲಿ ಕೆಲವರು ಕೇಳಬಹುದು: ಹಣ ಯಾರಿಗೆ ಕೊಟ್ಟರೇನು, ಕೊಂಡ ವಸ್ತು ಬಂದಿತಲ್ಲ? ಒಂದು ಸರಳ ಲೆಕ್ಕದಿಂದ ಇದನ್ನು ತಿಳಿಯಬಹುದು. ಊರಿಗೆ 100 ರೂಪಾಯಿ ಬಂದಿತೆಂದು ಇಟ್ಟುಕೊಳ್ಳೋಣ. ಅದನ್ನು ಪಡೆದವನು 80 ರೂಪಾಯಿಯನ್ನು ಊರಿನಲ್ಲಿಯೇ ಖರ್ಚು ಮಾಡಿದರೆ, ಅದನ್ನು ಪಡೆದವನು ಅದರಲ್ಲಿ 64 ರೂಪಾಯಿಯನ್ನು ಮತ್ತೊಬ್ಬ ಊರವನಿಗೆ ಕೊಟ್ಟರೆ, ಅವನು 51 ರೂಪಾಯಿಯನ್ನು ಮುಂದಿನವನಿಗೆ ಕೊಟ್ಟರೆ, ಹೀಗೆ ಸುತ್ತು ಮುಂದುವರಿದು ಆ ಒಂದು ನೂರು ರೂಪಾಯಿ ಊರಿನವರ ಕೈಗಳಲ್ಲಿ ಒಟ್ಟು 500 ರೂಪಾಯಿಗಳ ಆದಾಯವಾಗುತ್ತದೆ. ಪ್ರತಿ ಸಲವೂ ನೂರಕ್ಕೆ 20 ಮಾತ್ರ ಊರಿನಲ್ಲಿ ಉಳಿದು 80 ಹೊರಗೆ ಹೋದರೆ, ಅದೇ ನೂರು ರೂಪಾಯಿ 125ಕ್ಕೇ ಮುಗಿಯುತ್ತದೆ. ಊರಿಗೆ ಬರುವ ಹಣ ಎರಡು ಕಡೆಯೂ ಒಂದೇ. ಅದು ಎಷ್ಟು ಕೈ ದಾಟಿತು ಎಂಬುದರಿಂದ ಒಂದು ಊರು ಬಾಳಿತು, ಇನ್ನೊಂದು ಬಡವಾಯಿತು.

ಕೆರೆಗೆ ನೀರು ಎಷ್ಟು ಬಂದರೂ ತೂಬು ತೆರೆದೇ ಇದ್ದರೆ ಬೇಸಿಗೆಗೆ ಉಳಿಯುವುದೇನು? ನಮ್ಮ ಹಳ್ಳಿಗಳಿಗೆ ಇಂದು ಹಣ ಬರುತ್ತಿಲ್ಲವೆಂದಲ್ಲ. ಬೆಳೆಯ ಹಣ, ಪಿಂಚಣಿ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಕಳಿಸುವ ಹಣ ಎಲ್ಲವೂ ಬರುತ್ತವೆ. ಬಂದ ವಾರದಲ್ಲಿಯೇ ಎಣ್ಣೆ, ಸಾಬೂನು, ಬಟ್ಟೆ, ಬೀಜ, ಗೊಬ್ಬರ, ಸಾಲದ ಬಡ್ಡಿಗಳೆಂಬ ತೂಬುಗಳಿಂದ ಹೊರಟುಹೋಗುತ್ತವೆ. ಹಣದ ಹಿಂದೆಯೇ ಯುವಕರೂ ಹೊರಡುತ್ತಾರೆ.

ಕಣಗಿನಹಾಳದ ಪಾಠ

ಈ ತೂಬುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಬಡ್ಡಿಯ ತೂಬನ್ನು ಮುಚ್ಚಿದ ಹಿರಿಮೆ ನಮ್ಮ ನೆರೆಯ ಹಳ್ಳಿಯದೇ. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದಕ್ಕೆ ಹಿಂದಿನ ವರ್ಷ, 1904ರಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದಿತ್ತು. ಒಂದೇ ಊರಿನ ಹತ್ತು ಜನ ಕೂಡಿದರೆ ಸಂಘ ಕಟ್ಟಲು ಆ ಕಾಯ್ದೆಯಲ್ಲಿ ಅವಕಾಶವಿತ್ತು. ದೇಶದ ಸಹಕಾರ ಚಳವಳಿಯ ಇತಿಹಾಸವನ್ನು ಹೇಳುವವರು ಇಂದಿಗೂ ಕಣಗಿನಹಾಳದ ಹೆಸರಿನಿಂದಲೇ ಆರಂಭಿಸುತ್ತಾರೆ.

ಆ ಕಾಲದ ಗ್ರಾಮೀಣ ಸಂಘಗಳ ಕಟ್ಟಳೆಯನ್ನು ಗಮನಿಸಬೇಕು. ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನು ತೀರಿಸದ ಸಾಲಕ್ಕೆ ಉಳಿದವರೆಲ್ಲರೂ ಬಾಧ್ಯರು. ಕೇಳಿದರೆ ಎದೆ ನಡುಗುವ ಈ ಕಟ್ಟಳೆಯೇ ಸಂಘದ ಬಲವಾಗಿತ್ತು. ಯಾರು ಎಷ್ಟು ಪಡೆದರು, ಬೀಜಕ್ಕೆ ಪಡೆದರೋ ಆಡಂಬರದ ಮದುವೆಗೆ ಪಡೆದರೋ ಎಂಬುದು ಒಂದೇ ಊರಿನಲ್ಲಿ ಬಾಳುವವರಿಗೆ ತಿಳಿಯದೆ ಇರುತ್ತಿರಲಿಲ್ಲ. ದೂರದ ಸಾಹುಕಾರನು ಹೊಲವನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತಿದ್ದನು, ಸಂಘವು ನೆರೆಯವರ ನಂಬಿಕೆಯನ್ನು ಅಡವಿಟ್ಟುಕೊಂಡು ಕೊಟ್ಟಿತು. ಬಡ್ಡಿಯ ಹಣ ಊರಿನ ಹೊರಗೆ ಹೋಗುವ ಬದಲು ಸಂಘದ ನಿಧಿಯಾಯಿತು.

ಅದೇ ಸಹಕಾರ ಸಂಘಗಳು ಅನೇಕ ಕಡೆ ಮುಂದೆ ಏನಾದವು ಎಂಬುದನ್ನೂ ನಾವು ಬಲ್ಲೆವು. ಚುನಾವಣೆಯ ರಾಜಕೀಯ, ಸ್ವಜನಪಕ್ಷಪಾತ, ಸಾಲ ಮನ್ನಾದ ನಿರೀಕ್ಷೆ ಇವು ಸೇರಿ ನಂಬಿಕೆಯೆಂಬ ಮೂಲ ಬಂಡವಾಳವನ್ನೇ ಕರಗಿಸಿದವು. ಸಂಸ್ಥೆ ಸ್ಥಳೀಯವಾದ ಮಾತ್ರಕ್ಕೆ ಶುದ್ಧವಾಗಿರುವುದಿಲ್ಲ, ಲೆಕ್ಕವನ್ನು ಎಲ್ಲರ ಮುಂದೆ ಓದುವ ಪದ್ಧತಿ ಇದ್ದಾಗ ಮಾತ್ರ ಅದು ಉಳಿಯುತ್ತದೆ.

ಒಬ್ಬ ಧರ್ಮಗುರು ಕಟ್ಟಿದ ಊರು

ಧಾರ್ಮಿಕ ಸಂಸ್ಥೆಗಳಿಗೆ ಅರ್ಥವ್ಯವಸ್ಥೆಯ ಗೊಡವೆ ಏಕೆ ಎನ್ನುವವರಿಗೆ ಪರದೇಶದ ಒಂದು ನಿದರ್ಶನವನ್ನು ಹೇಳಬಯಸುತ್ತೇವೆ. ಸ್ಪೇನ್ ದೇಶದ ಬಾಸ್ಕ್ ನಾಡಿನಲ್ಲಿ ಮೊಂಡ್ರಾಗನ್ ಎಂಬ ಸಣ್ಣ ಪಟ್ಟಣವಿದೆ. ಅಂತರ್ಯುದ್ಧದಿಂದ ನೊಂದ ಆ ಊರಿಗೆ 1941ರಲ್ಲಿ ಹೊಸೆ ಮರಿಯಾ ಅರಿಸ್ಮೆಂಡಿಯರಿಯೆತಾ ಎಂಬ ತರುಣ ಪಾದ್ರಿ ಬಂದರು. ಕೆಲಸವಿಲ್ಲದ ಹುಡುಗರನ್ನು ಕಂಡು 1943ರಲ್ಲಿ ಒಂದು ತಾಂತ್ರಿಕ ಶಾಲೆಯನ್ನು ಆರಂಭಿಸಿದರು. ಹದಿಮೂರು ವರ್ಷಗಳ ನಂತರ, 1956ರಲ್ಲಿ, ಅಲ್ಲಿ ಕಲಿತ ಐವರು ತಮ್ಮ ಮನೆತನದ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 'ಉಲ್ಗೋರ್' ಎಂಬ ಸಹಕಾರಿ ಕಾರ್ಖಾನೆಯನ್ನು ಕಟ್ಟಿ ಒಲೆಗಳನ್ನು ತಯಾರಿಸತೊಡಗಿದರು. 1959ರಲ್ಲಿ ಊರಿನವರ ಉಳಿತಾಯವನ್ನು ಊರಿನ ಉದ್ಯೋಗಕ್ಕೆ ತೊಡಗಿಸುವ ಸಹಕಾರಿ ಬ್ಯಾಂಕು ಹುಟ್ಟಿತು. ದುಡಿಯುವವರೇ ಒಡೆಯರು, ಒಬ್ಬರಿಗೆ ಒಂದೇ ಮತ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಬಳಗಳ ನಡುವಿನ ಅಂತರಕ್ಕೆ ಆರಂಭದಲ್ಲಿ ಮೂರರಷ್ಟರ ಮಿತಿ ಇತ್ತು. ಇಂದು ಆ ಸಮೂಹದಲ್ಲಿ ಸುಮಾರು 70 ಸಾವಿರ ಜನ ದುಡಿಯುತ್ತಿದ್ದಾರೆ.

ಅಲ್ಲಿಯೂ ಸೋಲು ಬಂದಿದೆ. ಉಲ್ಗೋರಿನ ವಾರಸುದಾರನಾದ, ಗೃಹೋಪಕರಣಗಳನ್ನು ತಯಾರಿಸುತ್ತಿದ್ದ ಫಾಗೋರ್ ಸಹಕಾರಿ ಸಂಸ್ಥೆ 2013ರಲ್ಲಿ ದಿವಾಳಿಯಾಯಿತು. ಆದರೆ ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಅನೇಕರಿಗೆ ಸಮೂಹದ ಇತರ ಸಹಕಾರಿಗಳು ಕೆಲಸ ಕೊಟ್ಟವು. ಸೋತವನನ್ನು ಬೀದಿಗೆ ಬಿಡದ ವ್ಯವಸ್ಥೆ ಇದ್ದುದರಿಂದ ಅದು ಸಾಧ್ಯವಾಯಿತು. ಮೊಂಡ್ರಾಗನ್ ಜಗತ್ತಿಗೆ ಬೆನ್ನು ತಿರುಗಿಸಿಲ್ಲ, ತನ್ನ ಸರಕನ್ನು ದೇಶದೇಶಗಳಿಗೆ ಮಾರುತ್ತದೆ. ಒಡೆತನವೂ ಉಳಿತಾಯವೂ ಊರಿನವರ ಕೈಯಲ್ಲಿರಬೇಕು ಎಂಬುದೊಂದೇ ಅದರ ಹಟ.

ಹಳೆಯ ಹಳ್ಳಿಗೆ ಮರಳುವುದಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಸ್ಥಳೀಯ ಅರ್ಥವ್ಯವಸ್ಥೆ ಎಂದೊಡನೆ ಕೆಲವರು ಹಳೆಯ ಹಳ್ಳಿಯನ್ನು ಹಾಡಿ ಹೊಗಳುತ್ತಾರೆ. ಆ ಹಳ್ಳಿಯ ಆಯದ ಪದ್ಧತಿಯಲ್ಲಿ ಕೆಲಸವು ಹುಟ್ಟಿನಿಂದ ನಿಗದಿಯಾಗುತ್ತಿತ್ತು. ಅತಿ ಹೆಚ್ಚು ದುಡಿದವರು ಊರ ಹೊರಗಿದ್ದರು, ಅವರ ಪಾಲಿಗೆ ಕೊನೆಯ ಮೊರದ ಕಾಳು ಮಾತ್ರ ಬರುತ್ತಿತ್ತು. ಪಟ್ಟಣದ ಬಾಗಿಲು ತೆರೆದಾಗ ಅವರ ಮಕ್ಕಳು ಹಳ್ಳಿಯನ್ನು ಬಿಟ್ಟು ಹೋದದ್ದು ನ್ಯಾಯವೇ ಆಗಿತ್ತು. ಅಂಥ ಹಳ್ಳಿ ಮರಳಿ ಬರಬಾರದು.

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಹುಟ್ಟಿನ ಕಟ್ಟಿನಿಂದ ಬಿಡಿಸಿ ಘನತೆಯ ನೆಲೆಗೆ ಏರಿಸಿದರು. ಗಾಣದ ಕಣ್ಣಪ್ಪ, ನುಲಿಯ ಚಂದಯ್ಯ, ಮೇದಾರ ಕೇತಯ್ಯರು ಅನುಭಾವದ ನೆರವಿಯಲ್ಲಿ ಸಮಾನರಾಗಿ ಕುಳಿತರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಹಿಂದಿರುಗಿಸಿ ಬರಲು ಲಕ್ಕಮ್ಮ ತಾಯಿ ಹೇಳಿದ ಪ್ರಸಂಗ ಭಕ್ತರಿಗೆ ತಿಳಿದದ್ದೇ. ಎಷ್ಟು ಸಾಕು ಎಂಬ ಆ ಪ್ರಶ್ನೆಯನ್ನು ಇಂದಿನ ಮಾರುಕಟ್ಟೆ ಯಾರಿಗೂ ಕೇಳುವುದಿಲ್ಲ. ಕೇಳಬೇಕಾದವರು ನಾವೇ.

ಹಾಗೆಯೇ ಎಲ್ಲವನ್ನೂ ಊರಿನಲ್ಲಿಯೇ ಮಾಡಬೇಕೆಂಬ ಹಟವೂ ಸಲ್ಲದು. ಔಷಧ, ದೂರವಾಣಿ, ಪಂಪಿನ ಮೋಟರು ಹೊರಗಿನಿಂದ ಬರಲೇಬೇಕು. ಪರದೇಶದಲ್ಲಿರುವ ಭಕ್ತರು ಈ ಲೇಖನವನ್ನು ಓದುತ್ತಿರುವುದೂ ಅಂಥ ಸಾಧನಗಳಿಂದಲೇ. ನಮ್ಮ ಹೊಲ ಕೊಡಬಲ್ಲದ್ದನ್ನು, ನಮ್ಮ ಕೈ ಮಾಡಬಲ್ಲದ್ದನ್ನು ಮೊದಲು ಇಲ್ಲಿಂದ ಪಡೆಯೋಣ, ಆಗದ್ದನ್ನು ಹೊರಗಿನಿಂದ ತರೋಣ ಎಂಬಷ್ಟೇ ನಮ್ಮ ಅರಿಕೆ.

ಬೆಲೆಯ ಪ್ರಶ್ನೆಯನ್ನು ಮುಚ್ಚಿಡಲಾಗದು. ಕುಸುಬಿಯ ಕಾಳಿನಲ್ಲಿ ಎಣ್ಣೆಯ ಅಂಶ ಶೇ. 30ರ ಆಸುಪಾಸು. ಗಾಣದಲ್ಲಿ ಅದೆಲ್ಲವೂ ಇಳಿಯದ ಕಾರಣ ಒಂದು ಕಿಲೋ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಕಾಳು ಬೇಕೆಂದು ಲೆಕ್ಕ ಇಡಬೇಕು. ಹಿಂಡಿ ಮಾರಿದ ಹಣವನ್ನು ಕಳೆದರೂ ಗಾಣದ ಎಣ್ಣೆ ತಾಳೆ ಎಣ್ಣೆಗಿಂತ ತುಟ್ಟಿಯೇ. ದಿನಗೂಲಿಯ ಮನೆಗೆ ಅದನ್ನೇ ಕೊಳ್ಳಿರೆಂದು ಹೇಳಲು ನಮಗೆ ಅಧಿಕಾರವಿಲ್ಲ. ಹೆಚ್ಚಿನ ಬೆಲೆಯ ಭಾರವನ್ನು ಮೊದಲು ಹೊರಬೇಕಾದದ್ದು ಸಂಸ್ಥೆಗಳು, ಉಳ್ಳವರು ಮತ್ತು ಮದುವೆ ಮುಂಜಿಗಳಿಗೆ ಕೈ ಬಿಚ್ಚಿ ಖರ್ಚು ಮಾಡುವ ಮನೆಗಳು.

ಶ್ರೀಮಠದ ನಿರ್ಧಾರ

ಈ ವಿಷಯವನ್ನು ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಂಡಾಗ, ಹೇಳುವ ಮುನ್ನ ಮಾಡಿ ನೋಡಿರೆಂದು ಅಪ್ಪಣೆಯಾಯಿತು. ಅದರಂತೆ ಆಡಳಿತ ಸಮಿತಿಯು ಕೈಗೊಂಡ ನಿರ್ಧಾರಗಳು ಹೀಗಿವೆ.

ಮೊದಲನೆಯದಾಗಿ, ಹಿಂಗಾರಿ ಬಿತ್ತನೆಗೆ ಮುಂಚೆಯೇ ಶ್ರೀಮಠವು ತಾನು ಕೊಳ್ಳುವ ಕುಸುಬಿಯ ಪ್ರಮಾಣವನ್ನೂ ಬೆಲೆಯನ್ನೂ ಸಾರಿ ಹೇಳುವುದು. ಬೆಳೆದ ಮೇಲೆ ಕೊಳ್ಳುವವರಿಲ್ಲ ಎಂಬ ಭಯವಿದ್ದರೆ ಯಾವ ರೈತನೂ ಮುಳ್ಳಿನ ಬೆಳೆಗೆ ಕೈ ಹಾಕುವುದಿಲ್ಲ.

ಎರಡನೆಯದಾಗಿ, ವಿದ್ಯುತ್ತಿನಿಂದ ನಡೆಯುವ ಒಂದು ಮರದ ಗಾಣವನ್ನು ಮಹಿಳಾ ಸ್ವಸಹಾಯ ಸಂಘಕ್ಕೆ ಒಪ್ಪಿಸುವುದು. ಒಡೆತನ ಸಂಘದ್ದು, ಶ್ರೀಮಠ ಕೇವಲ ಗಿರಾಕಿ. ಜಾತಿಯ ಕಾರಣದಿಂದ ಆ ಸಂಘಕ್ಕೆ ಸೇರಲು ಯಾರಿಗೂ ತಡೆ ಇರಬಾರದು. ಲೆಕ್ಕವನ್ನು ಪ್ರತಿ ಅಮಾವಾಸ್ಯೆಯ ಸಭೆಯಲ್ಲಿ ಓದಬೇಕು.

ಮೂರನೆಯದಾಗಿ, ಬರುವ ವರ್ಷ ನಂದಾದೀಪಕ್ಕೆ, ಚಟ್ನಿಗೆ ಮತ್ತು ಪಲ್ಯದ ಒಗ್ಗರಣೆಗೆ ಮಾತ್ರ ಗಾಣದ ಎಣ್ಣೆಯನ್ನು ಬಳಸುವುದು. ಕರಿಯುವ ಪದಾರ್ಥಗಳಿಗೆ ಸದ್ಯಕ್ಕೆ ಪೇಟೆಯ ಎಣ್ಣೆಯೇ ಮುಂದುವರಿಯುತ್ತದೆ. ಒಮ್ಮೆಗೇ ಎಲ್ಲವನ್ನೂ ಬದಲಿಸುತ್ತೇವೆಂದು ಹೇಳಿ ಎರಡನೆಯ ವರ್ಷ ಕೈಬಿಡುವುದಕ್ಕಿಂತ ಸ್ವಲ್ಪವನ್ನು ಹಿಡಿದು ನಡೆಸುವುದು ಲೇಸು.

ಯಾವ ಭಕ್ತರು ಯಾವ ಎಣ್ಣೆಯನ್ನು ತಂದರೂ ಉಗ್ರಾಣದಲ್ಲಿ ಅದನ್ನು ಆದರದಿಂದಲೇ ಸ್ವೀಕರಿಸಲಾಗುವುದು. ದಾಸೋಹಕ್ಕೆ ಬಂದದ್ದನ್ನು ಚೀಟಿ ನೋಡಿ ಅಳೆಯುವ ಕೆಲಸವನ್ನು ಶ್ರೀಮಠ ಎಂದಿಗೂ ಮಾಡದು. ಹೊಲವುಳ್ಳವರು ಡಬ್ಬಿಯ ಬದಲು ಒಂದು ಸೇರು ಕುಸುಬಿಯನ್ನು ತಂದರೆ ನಮಗೆ ಹೆಚ್ಚು ಸಂತೋಷ.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಬಂಡಿ ಬಂಡಿ ರೊಟ್ಟಿ ಹರಿದು ಬರುವುದನ್ನು ನಾಡೆಲ್ಲ ಕಂಡಿದೆ. ಆ ರೊಟ್ಟಿಯನ್ನು ಯಾರೂ ಟೆಂಡರು ಕರೆದು ಕೊಂಡದ್ದಲ್ಲ. ಸಾವಿರಾರು ಮನೆಗಳು ಒಂದೊಂದು ಬುಟ್ಟಿ ಕೊಟ್ಟದ್ದರಿಂದ ಅದು ರಾಶಿಯಾಯಿತು. ರೊಟ್ಟಿಗೆ ಸಾಧ್ಯವಾದದ್ದು ಎಣ್ಣೆಗೂ, ಬಟ್ಟೆಗೂ, ಉಳಿತಾಯಕ್ಕೂ ಸಾಧ್ಯವಾಗಬಾರದೇಕೆ?

ಡಬ್ಬಿ ಹೊತ್ತು ತಂದ ಆ ಗಾಣಿಗ ಹಿರಿಯರನ್ನು ಮೊನ್ನೆ ಮನೆಗೆ ಹೋಗಿ ಕಂಡೆವು. ಕಾಳಿನ ಹಸಿ ಒಣ ನೋಡುವುದನ್ನು, ಎಣ್ಣೆಯನ್ನು ತಿಳಿಯಾಗಲು ಬಿಡುವುದನ್ನು ಸಂಘದ ತಾಯಂದಿರಿಗೆ ಕಲಿಸಿಕೊಡಬೇಕೆಂದು ಪ್ರಾರ್ಥಿಸಿದೆವು. ಮೊಣಕಾಲು ನೋಯುತ್ತದೆ, ಗಾಡಿ ಕಳಿಸಿದರೆ ಬರುವೆನೆಂದು ಒಪ್ಪಿದ್ದಾರೆ. ಕಲಿಯಲು ಇಚ್ಛೆಯುಳ್ಳ ತಾಯಂದಿರು ಮತ್ತು ಕುಸುಬಿ ಬಿತ್ತಲು ಮನಸ್ಸುಳ್ಳ ರೈತ ಬಂಧುಗಳು ಬರುವ ಅಮಾವಾಸ್ಯೆಯೊಳಗಾಗಿ ಶ್ರೀಮಠದ ಕಾರ್ಯಾಲಯದಲ್ಲಿ ಹೆಸರು ಬರೆಯಿಸಬೇಕೆಂದು ವಿನಂತಿಸುತ್ತೇವೆ.



ಕಾರ್ಯದರ್ಶಿಗಳು, ಶ್ರೀಮಠ